ಎಂಜಿನ್ನಿಗೆ ಅಭಿಷೇಕ

ನನ್ನ ತಂದೆ ಧಾರವಾಡದ ಶಾಲೆಯೊಂದರಲ್ಲಿ ಕವಾಯತಿನ ಮಾಸ್ತರರಾಗಿದ್ದರು. ಶಾಲೆಯಲ್ಲಿ ಊದಿ ಮುಗಿಯದ ಸೀಟಿಯನ್ನು ಮನೆಗೆ ತಂದು ಊದುತ್ತಿದ್ದರು. ಏಳಲು ಒಂದು ಸೀಟಿ, ಸ್ನಾನಕ್ಕೆ ಒಂದು, ಊಟಕ್ಕೆ ಒಂದು. ಊಟದ ಸೀಟಿಗೆ ಬಾರದವರಿಗೆ ಊಟವಿಲ್ಲ. ಅಡುಗೆ ಮಾಡಿದ ನನ್ನ ತಾಯಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಹೀಗೆ ಬೆಳೆದ ನನ್ನನ್ನು ವಾಸ್ಕೋದ ಒಂದು ವ್ಯಾಪಾರಸ್ಥರ ಮನೆಗೆ ಕೊಟ್ಟರು. ಅಲ್ಲಿ ‘ಇದೇ ಹೊರಟೆ’ ಎಂದರೆ ಇನ್ನೂ ಸ್ನಾನವಾಗಿಲ್ಲ ಎಂದು ತಿಳಿಯಬೇಕು. ‘ಈಗ ಬಂದೆ’ ಎಂದರೆ ಮಧ್ಯಾಹ್ನ. ಮೊದಮೊದಲು ಅತ್ತುಬಿಟ್ಟೆ, ಆಮೇಲೆ ಜಗಳವಾಡಿದೆ. ಕೊನೆಗೆ ನನ್ನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿ, ಉಳಿದವರು ಏನು ಮಾಡುತ್ತಾರೆಂದು ನೋಡುತ್ತ ನಿಲ್ಲುವುದನ್ನು ಕಲಿತೆ. ಅದರಲ್ಲೂ ಒಂದು ಸುಖವಿದೆ.

ಮಾವನವರು ಬೆಳಗಾವಿಯಿಂದ ಬಂದು ವಾಸ್ಕೋದಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಹಾಕಿದವರು. ಮೊಳೆ, ಸರಪಳಿ, ಇಕ್ಕಳ, ನಟ್ಟು ಬಿಚ್ಚುವ ಪಾನಾ, ಎಲ್ಲವನ್ನೂ ಬಂದರಿನ ಜನಕ್ಕೆ ಮಾರುತ್ತಿದ್ದರು. ಅಂಗಡಿಯ ಒಂದು ಗೋಡೆಯ ತುಂಬ ಸಣ್ಣದರಿಂದ ದೊಡ್ಡದರವರೆಗೆ ಪಾನಾಗಳನ್ನೇ ತೂಗುಹಾಕಿದ್ದರು. ಇದನ್ನು ಓದುವವರು ನೆನಪಿನಲ್ಲಿಡಬೇಕು, ಏಕೆಂದರೆ ನಾನು ಹೇಳಹೊರಟಿರುವುದು ಆ ಮನೆಯಲ್ಲಿ ಒಂದು ಪಾನಾ ಸಿಗದೆ ಹೋದ ದಿನದ ಕತೆ.

ನಮ್ಮಲ್ಲೊಂದು ಹಳೆಯ ಕಾರು ಇತ್ತು. ಅದು ಓಡಾಡಲು ಇಟ್ಟುಕೊಂಡದ್ದಲ್ಲ, ಇದೆ ಎಂದು ತೋರಿಸಲು ಇಟ್ಟುಕೊಂಡದ್ದು. ಬೆಳಗಾವಿಯ ಮದುವೆಗಳಿಗೆ ಹೋಗಿ ಬರುತ್ತಿತ್ತು; ಉಳಿದಂತೆ ಅಂಗಳದಲ್ಲಿ ಹಳೆಯ ಚಾದರ ಹೊದ್ದುಕೊಂಡು, ಕಾಯಿಲೆಯ ಹಿರಿಯರಂತೆ ಎಲ್ಲರ ಕಾಳಜಿಯನ್ನೂ ಪಡೆಯುತ್ತ ನಿಂತಿರುತ್ತಿತ್ತು.

ಮನೆಯಲ್ಲಿ ನಾದಿನಿಯೂ ಇದ್ದಳು. ನಮ್ಮವರ ತಂಗಿ. ಹುಬ್ಬಳ್ಳಿಯ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದವಳು ಮರಳಿ ಹೋಗಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು. ಕೇಳಿದವರಿಗೆ ಮಾತ್ರ ಮಾವನವರು, ಹವಾ ಬದಲಾವಣೆಗೆ ಬಂದಿದ್ದಾಳೆ ಎಂದು ಹೇಳುತ್ತಿದ್ದರು. ವರ್ಷಗಳು ಕಳೆದವು, ಅವಳ ಹವಾ ಬದಲಾಗುತ್ತಲೇ ಇತ್ತು. ಈ ನಡುವೆ ಅವಳು ಹೊಲಿಗೆ ಕಲಿತು, ಓಣಿಯ ಹೆಂಗಸರ ರವಿಕೆ, ಕ್ರಿಸ್ತುವರ ಫ್ರಾಕು ಹೊಲಿಯತೊಡಗಿದಳು. ಕೈ ಚೊಕ್ಕಟ, ಹೇಳಿದ ದಿನಕ್ಕೆ ಕೊಡುತ್ತಿದ್ದಳು. ಆ ಮನೆಯಲ್ಲಿ ಹುಟ್ಟಿದವರಲ್ಲಿ ಗಡಿಯಾರಕ್ಕೆ ಮರ್ಯಾದೆ ಕೊಟ್ಟವಳು ಅವಳೊಬ್ಬಳೇ. ನಮ್ಮಿಬ್ಬರಿಗೆ ಹೊಂದಿದ್ದು ಇದರಿಂದಲೇ.

ಅವಳ ಗಿರಾಕಿಗಳಲ್ಲಿ ಪಣಜಿಯ ಒಬ್ಬ ವಯಸ್ಸಾದ ಕ್ರಿಸ್ತುವ ಹೆಂಗಸು ಇದ್ದಳು; ಎಲ್ಲರೂ ಅವಳನ್ನು ‘ಬಾಯಿ’ ಎನ್ನುತ್ತಿದ್ದರು. ವಾಸ್ಕೋದ ತನ್ನ ತಂಗಿಯ ಮನೆಗೆ ಬಂದಾಗೆಲ್ಲ ಫ್ರಾಕು ಹೊಲಿಸುತ್ತಿದ್ದಳು. ಮುಂಬೈಯಲ್ಲಿದ್ದ ಮಗ ಕರೆದನೆಂದು ಅವಳು ಪಣಜಿಯ ಮನೆಗೆ ಬೀಗ ಹಾಕಿ ಹೊರಡುವವಳಿದ್ದಳು. ಮನೆಯ ಬೀದಿಗೆ ತೆರೆಯುವ ಕೋಣೆಯನ್ನು ನಾದಿನಿಗೆ ಹೊಲಿಗೆ ಅಂಗಡಿಗಾಗಿ ಬಾಡಿಗೆಗೆ ಕೊಡಲು ಒಪ್ಪಿದಳು. ಷರತ್ತು ಒಂದೇ. ಅವಳು ಮುಂಬೈ ಹಡಗು ಹತ್ತುವ ಮುಂಜಾನೆ ನಾದಿನಿಯೇ ಬಂದು ಕೀಲಿಕೈಯನ್ನು ಕೈಯಾರೆ ಪಡೆಯಬೇಕು. ಗಂಡಸರ ಕೈಯಲ್ಲಿ ಕೊಡುವುದಿಲ್ಲ. ನಾದಿನಿ ಬಾರದಿದ್ದರೆ ಕೀಲಿಕೈ ಬಾಯಿಯ ಅಣ್ಣನ ಮಗನಿಗೆ. ಅವನು ಅದೇ ಕೋಣೆಯಲ್ಲಿ ಬಾರು ತೆರೆಯಲು ಬಹಳ ದಿನದಿಂದ ಹೊಂಚುಹಾಕಿ ಕೂತಿದ್ದ.

ಹಡಗು ಹೊರಡುವ ದಿನ ವಿಜಯದಶಮಿಯಾಗಿತ್ತು. ಇದನ್ನು ಕೇಳಿ ಮಾವನವರು ಖುಷಿಪಟ್ಟರು. ಅವರು ಯಾವುದಕ್ಕೂ ಬೇಡ ಎಂದವರಲ್ಲ. ಬೇಡ ಎನ್ನಬೇಕಾದ ಕೆಲಸವನ್ನು ಮುಹೂರ್ತಕ್ಕೆ ಒಪ್ಪಿಸಿ ತಾವು ಒಳ್ಳೆಯವರಾಗಿ ಉಳಿಯುತ್ತಿದ್ದರು. ಆದರೆ ದಶಮಿಯ ದಿನ ಇಡೀ ದಿನವೇ ಮುಹೂರ್ತ, ತಪ್ಪಿಸಿಕೊಳ್ಳಲು ಸಂದಿಯಿಲ್ಲ. ಅಂದು ಊರ ಸೀಮೆ ದಾಟಿ ಬರುವ ಪದ್ಧತಿಯೂ ನಮ್ಮಲ್ಲಿದೆ. ಆದ್ದರಿಂದ ಮನೆಯ ಕಾರಿನಲ್ಲಿ, ಮನೆಯ ಗಂಡಸರೊಂದಿಗೆ, ಸೀಮೆ ದಾಟಿ ಪಣಜಿಗೆ ಹೋಗಿ ಕೀಲಿಕೈ ತರುವುದೆಂದು ತೀರ್ಮಾನವಾಯಿತು. ಮಧ್ಯಾಹ್ನದ ಊಟಕ್ಕೆ ವಾಪಸು.

ಹಿಂದಿನ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಮನೆಯಲ್ಲಿದ್ದ ಕಬ್ಬಿಣವೆಲ್ಲ ದೇವರ ಮುಂದಿನ ಹಲಗೆ ಏರಿತು. ಪಾನಾ, ಸ್ಕ್ರೂಡ್ರೈವರು, ಇಕ್ಕಳ, ಸುತ್ತಿಗೆ, ನನ್ನ ಈಳಿಗೆ, ನಾದಿನಿಯ ಕತ್ತರಿ, ಸೂಜಿ, ಹೊಲಿಗೆ ಯಂತ್ರ, ಕಾರಿನ ಮೂತಿಗೆ ಸಿಕ್ಕಿಸಿ ತಿರುಗಿಸುವ ಹ್ಯಾಂಡಲ್ಲು. ಎಲ್ಲಕ್ಕೂ ಅರಿಶಿನ, ಕುಂಕುಮ, ಚೆಂಡುಹೂವು. ಮರುದಿನ ಮಧ್ಯಾಹ್ನ ಮಾವನವರು ಉತ್ತರಪೂಜೆ ಮಾಡಿ ಹಲಗೆ ಅಲುಗಿಸುವವರೆಗೆ ಅವು ಆಯುಧಗಳಲ್ಲ, ದೇವರು. ಮುಟ್ಟುವಂತಿಲ್ಲ. ಅಂಗಡಿಗೂ ಪೂಜೆ ಮಾಡಿ ಬಾಗಿಲು ಎಳೆದಾಗಿತ್ತು. ಕಾರೂ ಕಬ್ಬಿಣದ್ದೇ ಅಲ್ಲವೇ, ಅದನ್ನು ಹೇಗೆ ಓಡಿಸುತ್ತೀರಿ ಎಂದು ನಾನು ಕೇಳಿದ್ದಕ್ಕೆ, ಗಾಲಿ ಇರುವುದಕ್ಕೆ ನಿಯಮ ಬೇರೆ ಎಂದರು. ಅವರ ಶಾಸ್ತ್ರಕ್ಕೇ ಬೇಕಾದಷ್ಟು ಗಾಲಿಗಳಿದ್ದವು.

ಕಾರಿನ ಪೂಜೆ ಮೈದುನನ ಪಾಲಿಗೆ ಬಂತು. ವೆರ್ಣಾದ ಕಾರ್ಖಾನೆಯೊಂದರಲ್ಲಿ ಅವನು ಮೇಲ್ವಿಚಾರಕ. ಲೋಕದಲ್ಲಿ ತಿರುಗುವ ವಸ್ತು ಯಾವುದಿದ್ದರೂ ಅದು ತನ್ನ ಅಧೀನ ಎಂದು ನಂಬಿದ್ದ. ಕಾರನ್ನು ಹೊರಗಿನಿಂದ ತೊಳೆದ. ಹೊರಗೆ ನೀರು ಹಾಕಿದರೆ ಅದು ಬರೀ ತೊಳೆದದ್ದು, ಒಳಗೂ ಹಾಕಿದರೆ ಅಭಿಷೇಕ ಎಂದು ಬಾನೆಟ್ಟು ಎತ್ತಿ ಕೊಡಗಟ್ಟಲೆ ಸುರಿದ. ಒಳಗೊಂದು ಕಪ್ಪು ಟೋಪಿಯಂಥದ್ದಿತ್ತು. ಅದರ ನೆತ್ತಿಯಿಂದ ಜಡೆಗಳಂತೆ ದಪ್ಪ ತಂತಿಗಳು ಇಳಿದಿದ್ದವು. ಜಡೆ ಕಂಡು ಅವನಿಗೆ ಯಾರು ನೆನಪಾದರೋ, ಅದಕ್ಕೆ ಪ್ರತ್ಯೇಕವಾಗಿ ಒಂದು ತಂಬಿಗೆ ನೀರು ಎರೆದು, ತಂತಿಗಳ ಬುಡದಲ್ಲಿ ಅಕ್ಷತೆ ಹಾಕಿ, ಊದುಬತ್ತಿ ಬೆಳಗಿದ. ಬ್ಯಾಟರಿಗೂ ಅರಿಶಿನ ಕುಂಕುಮ. ಅಲ್ಲೆಲ್ಲ ಕರೆಂಟು ಹರಿಯುತ್ತದಲ್ಲವೇ ಎಂದೆ.

“ವರ್ಷಕ್ಕೊಮ್ಮಿ ಅದೂ ತಣ್ಣಗಾಗ್ಲಿ ಬಿಡ್ರಿ ವೈನಿ,” ಎಂದ.

ಆಮೇಲೆ ಬಾನೆಟ್ಟು ಮುಚ್ಚಿ, ಮೇಲೆ ಚಾದರ ಹೊದಿಸಿ, ಒಂದು ಹನಿಯೂ ಆರಿಹೋಗದಂತೆ ಕಾಪಾಡಿದ.

ದಶಮಿಯ ಬೆಳಿಗ್ಗೆ ಈಳಿಗೆ ಮುಟ್ಟುವಂತಿಲ್ಲವಾದ್ದರಿಂದ ಬೀನ್ಸನ್ನು ಕೈಯಿಂದ ಮುರಿದು ಪಲ್ಯ ಮಾಡಿಟ್ಟೆ. ನಾದಿನಿ ಎಲ್ಲರಿಗಿಂತ ಮೊದಲು ಸಿದ್ಧಳಾಗಿದ್ದಳು. ಹಸಿರು ಸೀರೆ, ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಹೊಸ ಕಸಬರಿಗೆ. ಗಂಡಸರು ಪದ್ಧತಿಯಂತೆ ನಿಧಾನವಾಗಿ ಬಂದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು. ನಮ್ಮವರು ಸೀಟಿನಲ್ಲಿ ಕೂತು ಕೀಲಿಕೈ ತಿರುಗಿಸಿದರು.

ಕರ್ ಕರ್ ಕರ್ ಎಂದಿತು. ಸೆಲ್ಫು ತಿರುಗಿತು, ಎಂಜಿನ್ನು ಹತ್ತಲಿಲ್ಲ.

ನಮ್ಮವರದು ಜೀವನದಲ್ಲಿ ಒಂದೇ ಸಿದ್ಧಾಂತ: ಆಗದ ಕೆಲಸವನ್ನು ಮತ್ತೊಮ್ಮೆ ಹಾಗೆಯೇ ಮಾಡುವುದು. ಅವರು ತಿರುಗಿಸಿದರು. ನಿಲ್ಲಿಸಿ, ಕಾರಿಗೆ ಯೋಚಿಸಲು ಸಮಯ ಕೊಟ್ಟು, ಮತ್ತೆ ತಿರುಗಿಸಿದರು. ಕರ್ ಕರ್ ಎನ್ನುವುದು ಕ್ರಮೇಣ ಮುದುಕರು ಗಂಟಲು ಸರಿಪಡಿಸಿಕೊಂಡಂತೆ ಆಯಿತು. ಬ್ಯಾಟರಿ ಇಳಿಯುತ್ತಿದೆ ಎಂದರು. ಅದನ್ನು ಇಳಿಸುತ್ತಿದ್ದವರು ಯಾರೆಂದು ನಾನು ಹೇಳಲಿಲ್ಲ.

ಮೈದುನ ಪೆಟ್ರೋಲಿನ ಪಕ್ಷದವನು. ಟಾಕಿಯ ತಳದಲ್ಲಿ ಕಸ ಕೂತು ನಳಿಕೆ ಕಟ್ಟಿದೆ ಎಂದು ಘೋಷಿಸಿ, ಕಾರನ್ನು ಹಿಂದಿನಿಂದ ಹಿಡಿದು ತೊಟ್ಟಿಲಿನಂತೆ ತೂಗಿದ. ಕಸ ಏಳಲಿಲ್ಲ, ಒಂದು ಗಾಲಿಯ ನಿಂಬೆಹಣ್ಣು ಮಾತ್ರ ಅಪ್ಪಚ್ಚಿಯಾಯಿತು. ನಳಿಕೆ ಬಿಚ್ಚಿ ಬಾಯಿಂದ ಊದಬೇಕು ಎಂದ. ಬಿಚ್ಚಲು ಪಾನಾ ಬೇಕು. ಪಾನಾ ತರಲು ಒಳಗೆ ಹೊರಟವನಿಗೆ ಮಾವನವರು ಹೊಸ್ತಿಲಲ್ಲಿ ಅಡ್ಡ ನಿಂತರು.

“ದೇವರ ಮುಂದ ಇಟ್ಟದ್ದು ಮುಟ್ಟಬ್ಯಾಡ. ಉತ್ತರಪೂಜಿ ಆಗಿಲ್ಲ.”

ಹಾಗಾದರೆ ಈಗಲೇ ಉತ್ತರಪೂಜೆ ಮಾಡಿಬಿಡಿ ಎಂದು ನಮ್ಮವರು ಸೀಟಿನಿಂದಲೇ ಸಲಹೆ ಕೊಟ್ಟರು. ಸೀಮೆ ದಾಟಿ ಬಂದ ಮೇಲೆಯೇ ಉತ್ತರಪೂಜೆ ಎಂದರು ಮಾವನವರು. ಸೀಮೆ ದಾಟಲು ಕಾರು ಬೇಕು, ಕಾರಿಗೆ ಪಾನಾ ಬೇಕು, ಪಾನಾಕ್ಕೆ ಉತ್ತರಪೂಜೆ ಬೇಕು, ಉತ್ತರಪೂಜೆಗೆ ಸೀಮೆ ದಾಟಬೇಕು. ನಾನು ಕವಾಯತಿನಲ್ಲಿ ಬೆಳೆದವಳು, ಸುತ್ತು ಹಾಕುವುದು ನನಗೆ ಹೊಸದಲ್ಲ. ಆದರೆ ನನ್ನ ತಂದೆ ಕೊನೆಗೊಮ್ಮೆ ‘ನಿಲ್ಲು’ ಎನ್ನುತ್ತಿದ್ದರು.

ಪಕ್ಕದ ಮನೆಯ ಕ್ರಿಸ್ತುವ ಹಿರಿಯರು ಅಷ್ಟರಲ್ಲಿ ಚಹದ ಕಪ್ಪು ಹಿಡಿದು ಗೋಡೆಯಾಚೆ ಬಂದು ನಿಂತರು. ಆಯುಷ್ಯವಿಡೀ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾದವರು. ಮೂಗು ಎತ್ತಿ ವಾಸನೆ ಹಿಡಿದು, ಚೋಕು ಬಹಳ ಎಳೆದಿದ್ದೀರಿ, ಎಂಜಿನ್ನಿನ ಹೊಟ್ಟೆಯಲ್ಲಿ ಪೆಟ್ರೋಲು ಹೆಚ್ಚಾಗಿದೆ, ಪ್ಲಗ್ಗು ಬಿಚ್ಚಿ ಒರೆಸಿ ಎಂದರು. ಪೆಟ್ರೋಲು ಬರುತ್ತಿಲ್ಲ ಎಂದು ಮೈದುನ, ಹೆಚ್ಚಾಗಿದೆ ಎಂದು ಅವರು. ಈ ಚರ್ಚೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಪ್ಲಗ್ಗು ಬಿಚ್ಚುವ ಪಾನಾದ ಮಾತು ಬಂತು. ನಮ್ಮ ಮನೆಯ ಕಬ್ಬಿಣಕ್ಕೆ ಬಂದ ದೈವತ್ವ ಅವರ ಮನೆಯದಕ್ಕೆ ಬಂದಿರಲಿಲ್ಲವಲ್ಲ, ತಮ್ಮ ಪೆಟ್ಟಿಗೆ ತರುತ್ತೇನೆಂದು ಅವರು ತಿರುಗಿದರು. ತಿರುಗಿದವರು ಅಲ್ಲೇ ನಿಂತರು. ಆ ಪೆಟ್ಟಿಗೆಯನ್ನು ಮಳೆಗಾಲಕ್ಕೂ ಮುಂಚೆ ಮೈದುನ ಒಂದು ದಿನದ ಮಟ್ಟಿಗೆಂದು ಒಯ್ದಿದ್ದ. ಅವರು ನಮ್ಮ ಕಿಟಕಿಯಿಂದ ಬಗ್ಗಿ ನೋಡಿದರು. ಹಲಗೆಯ ಮೇಲೆ, ಮುಂದಿನ ಸಾಲಿನಲ್ಲಿ, ಅವರದೇ ಪಾನಾಗಳು ಕುಂಕುಮ ಹಚ್ಚಿಕೊಂಡು ಹೂವು ಮುಡಿದು ಕೂತಿದ್ದವು.

“ಭಾಬೀ,” ಎಂದರು ನನಗೆ, “ಮೇರಾ ಪಾನಾ ತೋ ಭಗವಾನ್ ಬನ್ ಗಯಾ.”

ಅಂಗಡಿಯ ಬಾಗಿಲು ತೆಗೆದರೆ ಗೋಡೆಯ ತುಂಬ ಪಾನಾ ಇದೆಯಲ್ಲ ಎಂದು ಅವರು ಕೇಳಿದರು. ಅವೂ ಭಗವಾನ್ ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಉಳಿದ ಚಹ ಕುಡಿದರು.

ಅಂಗಳದಲ್ಲಿ ಬಿಸಿಲು ಏರುತ್ತಿತ್ತು. ನಾದಿನಿ ಚೀಲ ಹಿಡಿದು ತುಳಸಿಕಟ್ಟೆಯ ಬಳಿ ನಿಂತೇ ಇದ್ದಳು. ಪಡಸಾಲೆಯ ಗಡಿಯಾರ ಬಾರಿಸಿದಾಗಲೆಲ್ಲ ಅವಳ ಕಣ್ಣು ಒಮ್ಮೆ ಆ ಕಡೆ ಹೋಗಿ ನೆಲಕ್ಕೆ ಬರುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನೋಡುತ್ತ ನಿಲ್ಲುವ ಸುಖಕ್ಕೂ ಒಂದು ಮಿತಿಯಿದೆ.

“ನಿನ್ನೆ ಒಳಗ ಕೊಡಗಟ್ಲೆ ನೀರ ಹಾಕೇರಿ. ಒಣಾ ಅರಬಿ ತೊಗೊಂಡು ಆ ಜಡಿ ಟೊಪಿಗಿ ಒರಸ್ರಿ ಮೊದಲ,” ಎಂದೆ.

ಮೈದುನ ತನ್ನ ಕೈಗಳನ್ನು ನೋಡಿಕೊಂಡ. ನಮ್ಮವರು ಕೀಲಿಕೈ ತಿರುಗಿಸುವುದನ್ನು ನಿಲ್ಲಿಸಿದರು. ಆ ಬೆಳಿಗ್ಗೆ ಅವರು ಕಾರಿಗೆ ಮಾಡಿದ ಉಪಕಾರ ಅದೊಂದೇ. ನೆರೆಯವರು ಕಪ್ಪನ್ನು ಗೋಡೆಯ ಮೇಲಿಟ್ಟು, ಕ್ಯಾಪಿನೊಳಗೆ ನೀರೇ, ಮತ್ತೆ ಕಿಡಿ ಹಾರುವುದು ಹೇಗೆ ಎಂದು ಹುಬ್ಬೇರಿಸಿದರು. ಎಲ್ಲರಿಗೂ ಗೊತ್ತಾಗಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಬಾನೆಟ್ಟಿನ ಒಳಗಿನ ನೀರು ಬರೀ ನೀರಾಗಿದ್ದರೆ ಯಾರಾದರೂ ಒರೆಸುತ್ತಿದ್ದರು. ಅದು ಅಭಿಷೇಕದ ನೀರು.

“ದೇವರಿಗೆ ಎರದ ನೀರ ಎಂದೂ ಕೇಡ ಮಾಡಂಗಿಲ್ಲ,” ಎಂದರು ಮಾವನವರು.

ಅಲ್ಲಿಗೆ ಮುಗಿಯಿತು. ಕೇಡು ಬ್ಯಾಟರಿಯದ್ದಾಗಬಹುದು, ಪೆಟ್ರೋಲಿನದ್ದಾಗಬಹುದು, ಚೋಕಿನದ್ದಾಗಬಹುದು, ಕಾರು ಪೂರ್ವಕ್ಕೆ ಮುಖ ಮಾಡಿ ನಿಲ್ಲದ್ದರಿಂದಲೂ ಆಗಬಹುದು. ನೀರಿನದ್ದು ಮಾತ್ರ ಆಗುವಂತಿಲ್ಲ. ಪೂಜೆಯಿಂದ ಕಾರು ಕೆಟ್ಟಿತು ಎಂದು ದಸರೆಯ ದಿನ ಯಾರು ಬಾಯಿಬಿಟ್ಟು ಹೇಳುತ್ತಾರೆ? ಆದ್ದರಿಂದ ಎಲ್ಲರೂ ಬಹಳ ಶ್ರದ್ಧೆಯಿಂದ, ತೊಂದರೆ ಇಲ್ಲದ ಜಾಗಗಳಲ್ಲಿ ತೊಂದರೆಯನ್ನು ಹುಡುಕತೊಡಗಿದರು. ನಾನು ಅಡುಗೆಮನೆಯಿಂದ ಒಣ ಬಟ್ಟೆ ತಂದು ಕೈ ಚಾಚಿದೆ. ಮಾವನವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ತಮ್ಮ ಹಣೆಯ ಬೆವರು ಒರೆಸಿಕೊಂಡರು.

ಟ್ಯಾಕ್ಸಿ ಕರೆಯೋಣವೇ ಎಂದು ನಮ್ಮವರು ಕೇಳಿದ್ದಕ್ಕೆ, ಸ್ವಂತ ಗಾಡಿ ಇಟ್ಟುಕೊಂಡು ಬಾಡಿಗೆ ಗಾಡಿಯಲ್ಲಿ ಸೀಮೆ ದಾಟಿದ ಮನೆತನ ಯಾವುದಿದೆ ಎಂದು ಮಾವನವರು ಮರುಪ್ರಶ್ನೆ ಹಾಕಿದರು. ಉಳಿದದ್ದು ತಳ್ಳುವುದು.

ನಮ್ಮ ಓಣಿ ದೊಡ್ಡ ರಸ್ತೆಯ ಕಡೆಗೆ ಇಳಿಜಾರು. ಝುವಾರಿನಗರದ ನಾಲ್ಕಾರು ಮಂದಿ ಕೂಲಿಯವರು ಹೊಸ ಅಂಗಿ ತೊಟ್ಟು, ರಜೆಯ ದಿನ ವಾಸ್ಕೋ ನೋಡಲು ಹೊರಟಿದ್ದರು. ವಿಜಯಪುರದ ಕಡೆಯವರು. ಮೈದುನ ಕೂಗಿದ್ದೇ ತಡ, ಬಂದು ಕೈಹಚ್ಚಿದರು. ಅವರಲ್ಲೊಬ್ಬ ಗಾಲಿಯ ಕೆಳಗೆ ನೋಡಿ ಮಾವನವರಿಗೆ ಹೇಳಿದ:

“ಏನ್ರಿ ಸಾವ್ಕಾರ್ರ, ನಿಂಬಿಹಣ್ಣು ಭಾಳ ದೊಡ್ಡೂ ಇಟ್ಟೀರೇನ್ರಿ? ಗಾಡಿ ದಾಟವಲ್ದು.”

ಇನ್ನೊಬ್ಬ, “ನಮ್ಮೂರಾಗ ಎತ್ತಿಗೆ ಪೂಜಿ ಮಾಡಿದ್ರ ಎತ್ತು ನಡೀತಾವ್ರಿ. ಇದು ಪೂಜಿ ಮಾಡಿಸ್ಕೊಂಡು ಕುಂತೈತಿ. ಥೇಟ್ ನಮ್ಮ ಕೆಲಸ ಮಾಡಸೋ ಮುಕಾದಮನ ಹಂಗ,” ಎಂದ.

ಎಲ್ಲರೂ ನಕ್ಕರು, ತಳ್ಳುವ ಕೈ ಸಡಿಲಾಯಿತು. ಮಾವನವರು ನಗಲಿಲ್ಲ. ಅವರು ಹಿಂದಿನ ಸೀಟಿನಲ್ಲಿ ಹೂಮಾಲೆಯ ಪಕ್ಕ ಕೂತಿದ್ದರು. ಇಳಿದರೆ ಭಾರ ಕಡಿಮೆಯಾಗುತ್ತದೆ ಎಂದು ಯಾರಿಗೂ ಹೇಳುವ ಧೈರ್ಯವಿರಲಿಲ್ಲ. ಕಾರು ಉರುಳಿತು. ನಮ್ಮವರು ಗೇರು ಹಾಕಿದರು, ಕಾರು ಬಿಕ್ಕಳಿಸಿತು, ಒಂದು ಸಲ ಸೀನಿತು. ಆ ಸೀನಿಗೆ ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದರು. ಇಳಿಜಾರು ಮುಗಿಯುವವರೆಗೆ ಹೋಗಿ, ದೊಡ್ಡ ರಸ್ತೆಯ ಅಂಚಿನಲ್ಲಿ, ಪಣಜಿ ಬಸ್ಸು ನಿಲ್ಲುವ ಕಡೆ ಸರಿಯಾಗಿ ನಿಂತಿತು. ಮನೆಯ ಅಂಗಳದಲ್ಲಿ ಆಗದಿದ್ದದ್ದು ಈಗ ಊರಿನೆದುರಿಗೆ ಆಗುತ್ತಿರಲಿಲ್ಲ, ಅಷ್ಟೇ ಪ್ರಗತಿ.

ನಾದಿನಿಯೂ ನಾನೂ ನಡೆದು ಬಂದೆವು. ಮಾವನವರು ಕಾರಿನಿಂದ ಇಳಿದು, ಧೋತರದ ಚುಂಗು ಸರಿಮಾಡಿಕೊಂಡು, ಆಕಾಶ ನೋಡಿದರು. ಅವರು ಆಕಾಶ ನೋಡಿದರೆ ಯಾರದೋ ಕೆಲಸ ಮುಂದಕ್ಕೆ ಹೋಗುತ್ತದೆ ಎಂದು ಅರ್ಥ.

“ದೇವರ ಮನಸ್ಸಿನಾಗ ಇಲ್ಲವ್ವ. ನಾ ಏನ್ ಮಾಡ್ಲಿ? ಗಾಡಿ ಚಾಲೂ ಆಗಿದ್ರ ಅವನ ಒಪ್ಪಿಗಿ ಅನ್ನಬಹುದಿತ್ತು. ಬರೋ ವರ್ಷ ನೋಡೋಣು,” ಎಂದು ನಾದಿನಿಗೆ ಹೇಳಿದರು.

ಅಂದರೆ ಒಂದು ಟೋಪಿ ನೀರು ನಾದಿನಿಯ ಅಂಗಡಿಯ ತೀರ್ಪು ಬರೆದಿತ್ತು. ಹುಬ್ಬಳ್ಳಿಗೆ ಮರಳಿ ಹೋಗುವ ಮಾತು ಮನೆಯಲ್ಲಿ ಮತ್ತೆ ಪಿಸುಗುಡುತ್ತಿದ್ದ ದಿನಗಳವು. ಅಂಗಡಿ ಇಲ್ಲವೆಂದಾದರೆ ಆ ಮಾತು ಪಡಸಾಲೆಗೆ ಬರುತ್ತದೆ, ಪಡಸಾಲೆಯಿಂದ ರೈಲು ನಿಲ್ದಾಣಕ್ಕೆ. ಇದು ಅವಳಿಗೂ ಗೊತ್ತಿತ್ತು. ಅವಳು ಜಗಳವಾಡುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡೆ. ಎರಡನ್ನೂ ಮಾಡಲಿಲ್ಲ.

“ಅಪ್ಪಾ, ಆ ಬಾಯಿ ಗಾಡಿ ಹಾದಿ ಕಾಯಾಕತ್ತಿಲ್ರಿ. ನನ್ನ ಹಾದಿ ಕಾಯಾಕತ್ತಾಳ,” ಎಂದಳು.

ಹೇಳಿ ರಸ್ತೆಯ ಕಡೆ ತಿರುಗಿದಳು. ಪಣಜಿ ಬಸ್ಸು ಬರುತ್ತಿತ್ತು. ಬಾಗಿಲಿಗೆ ಜೋತುಬಿದ್ದ ಕಂಡಕ್ಟರು ಪಣಜಿ ಪಣಜಿ ಎಂದು ಕೂಗುತ್ತಿದ್ದ. ಅವಳು ಕೈ ಎತ್ತಿದಳು. ಮಾವನವರು ಅವಳನ್ನು ತಡೆಯಲಿಲ್ಲ, ನನ್ನ ಕಡೆ ನೋಡಿದರು. ಇವತ್ತಿನ ದಿನ, ಕಂಡಕಂಡವರ ಬಸ್ಸಿನಲ್ಲಿ, ಪೂಜೆ ಪುನಸ್ಕಾರವಿಲ್ಲದ ಗಾಡಿಯಲ್ಲಿ ಎಂದರು. ಬಸ್ಸು ಎದುರಿಗೇ ಬಂದು ನಿಂತಿತು. ಮೂತಿಯ ತುಂಬ ಚೆಂಡುಹೂವಿನ ಮಾಲೆ, ಗಾಜಿಗೆ ಅಡ್ಡವಾಗಿ ಬಾಳೆಕಂದು, ನಡುವೆ ಮೆಣಸಿನಕಾಯಿ ಜೊತೆಗೆ ಕಟ್ಟಿದ ನಿಂಬೆಹಣ್ಣು.

“ಇದಕ್ಕೂ ಪೂಜಿ ಆಗೇತ್ರಿ ಮಾವಾರ. ಮ್ಯಾಲ ಚಾಲೂನೂ ಐತಿ,” ಎಂದು ನಾನೂ ಹತ್ತಿದೆ.

ಹತ್ತುವಾಗ ತಿರುಗಿ ನೋಡಿದೆ. ನಮ್ಮವರು ಮತ್ತೆ ಸೀಟಿನಲ್ಲಿ ಕೂತು ಕೀಲಿಕೈ ತಿರುಗಿಸುತ್ತಿದ್ದರು. ಮೈದುನ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ್ದ. ಹೆಂಡತಿ, ತಂಗಿ ಹೋದದ್ದು ಅವರಿಬ್ಬರಿಗೂ ಗೊತ್ತಾದದ್ದು ಆಮೇಲಂತೆ.

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರದೋ ಹೂವಿನ ಬುಟ್ಟಿ ನನ್ನ ಪಾದದ ಮೇಲೆ, ಯಾರದೋ ಮೊಣಕೈ ಪಕ್ಕೆಯಲ್ಲಿ. ಝುವಾರಿ ಸೇತುವೆಯ ಮೇಲೆ ಗಾಳಿ ಬಂದಾಗ ನಾದಿನಿ, ಹಡಗಿನ ಭೋಂಗಾ ಇಲ್ಲಿಗೆ ಕೇಳುತ್ತದೆಯೇ ವೈನಿ ಎಂದು ಕೇಳಿದಳು. ಕೇಳುವುದಿಲ್ಲ ಎಂದೆ. ಕೇಳುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಪಣಜಿಯಲ್ಲಿ ಇಳಿದವರು ಸೀರೆಯ ನೆರಿಗೆ ಎತ್ತಿ ಹಿಡಿದು, ನೋಡಿದವರು ನಗುವಷ್ಟು ಬೇಗ ನಡೆದೆವು.

ಬಾಯಿ ತನ್ನ ಮನೆಯ ಜಗುಲಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ತಲೆಗೆ ಟೋಪಿ, ಕೈಯಲ್ಲಿ ಕೊಡೆ. ಪಕ್ಕದಲ್ಲಿ ಬಾರು ತೆರೆಯಬೇಕೆಂದಿದ್ದ ಅಣ್ಣನ ಮಗ ಬಹಳ ಪ್ರೀತಿಯಿಂದ ಅವಳ ಚೀಲ ಹಿಡಿದು ನಿಂತಿದ್ದ. ನಮ್ಮನ್ನು ಕಂಡು ಅವನ ಪ್ರೀತಿ ಇಳಿಯಿತು, ಚೀಲವನ್ನು ಕೆಳಗಿಟ್ಟ. ಬಾಯಿ ಕೊಂಕಣಿಯಲ್ಲಿ ಬೈಯತೊಡಗಿದಳು. ನನಗೆ ಅರ್ಧ ತಿಳಿಯಿತು: ಒಂದು, ಹೊಲಿಗೆಯವರು ಹೇಳಿದ ಹೊತ್ತಿಗೆ ಬರುವುದಿಲ್ಲ. ಇನ್ನೊಂದು, ತೊಟ್ಟುಕೊಂಡ ಈ ಹೊಸ ಫ್ರಾಕಿನ ತೋಳು ಬಿಗಿ. ಹಡಗಿನಲ್ಲಿ ರಾತ್ರಿಯಿಡೀ ಹೀಗೆ ಕೈ ಎತ್ತಲಾಗದೆ ಕೂರಬೇಕೇ?

ನಾದಿನಿ ತಡವಾದದ್ದಕ್ಕೆ ಕಾರಣ ಹೇಳಲಿಲ್ಲ. ಅಭಿಷೇಕದ ಕತೆ ಅವಳು ಹೇಳಿದ್ದರೂ ಬಾಯಿ ನಂಬುತ್ತಿರಲಿಲ್ಲ. ಸೂಜಿ ದಾರ ಕೊಡಿ ಎಂದಳು. ಬಾಯಿ ಚೀಲದಿಂದ ತೆಗೆದು ಕೊಟ್ಟಳು. ಉತ್ತರಪೂಜೆಯಾಗಿರಲಿಲ್ಲ, ನಮ್ಮ ಮನೆಯವರು ಅಂದು ಕಬ್ಬಿಣ ಮುಟ್ಟುವಂತಿರಲಿಲ್ಲ. ನಾದಿನಿ ಸೂಜಿಯನ್ನು ಬೆಳಕಿಗೆ ಹಿಡಿದು, ದಾರ ಪೋಣಿಸಿ, ಬಾಯಿಯ ಕಂಕುಳಲ್ಲಿ ಹೊಲಿಗೆ ಬಿಚ್ಚಿ, ಬಟ್ಟೆ ಬಿಟ್ಟು, ಮತ್ತೆ ಹೊಲಿದಳು. ದೂರದಲ್ಲಿ ಹಡಗು ಕೂಗಿತು, ಬಾಯಿ ಏಳಹೋದಳು. ಅಲುಗಬ್ಯಾಡ್ರಿ ಎಂದು ನಾದಿನಿ ಅವಳ ಭುಜ ಹಿಡಿದು ಕೂರಿಸಿದಳು. ದಾರವನ್ನು ಹಲ್ಲಿನಿಂದ ಕಡಿದ ಮೇಲೆಯೇ ಬಿಟ್ಟಳು. ಬಾಯಿ ಎರಡೂ ಕೈ ಎತ್ತಿ ನೋಡಿದಳು, ಇಳಿಸಿದಳು, ಕತ್ತಿನ ದಾರದಲ್ಲಿದ್ದ ಕೀಲಿಕೈ ಬಿಚ್ಚಿ ನಾದಿನಿಯ ಅಂಗೈಯಲ್ಲಿಟ್ಟಳು. ಪೆಟ್ಟಿಗೆ ಹೊರಲು ಅಣ್ಣನ ಮಗನಿಗೆ ಸನ್ನೆ ಮಾಡಿದಳು. ಪಾಪ, ಹೊತ್ತ.

ನಾವು ಕೋಣೆ ತೆರೆದೆವು. ಹಳೆಯ ಮರದ ವಾಸನೆ, ಒಂದು ಮುರುಕು ಕುರ್ಚಿ. ನಾದಿನಿ ಚೀಲದಿಂದ ಕಸಬರಿಗೆ ತೆಗೆದು ಗುಡಿಸಿದಳು. ನಾನು ಕಿಟಕಿ ತೆರೆದು ಒರೆಸಿದೆ. ಬಟ್ಟೆಯನ್ನು ಯಾರೂ ಕಸಿದುಕೊಳ್ಳಲಿಲ್ಲ.

ಮಧ್ಯಾಹ್ನ ಕಳೆದು, ಹಸಿದು, ಹ್ಯಾಗಪ್ಪಾ ಮನೆಗೆ ಹೋಗುವುದು ಎಂದು ಯೋಚಿಸುವಾಗ ಬೀದಿಯಲ್ಲಿ ಹಾರನ್ನು ಕೇಳಿತು. ನಮ್ಮ ಕಾರು, ಹೂಮಾಲೆಯೊಂದಿಗೆ. ಒಳಗೆ ಮೂವರೂ. ರಸ್ತೆಯ ಅಂಚಿನಲ್ಲಿ ಬಾನೆಟ್ಟು ತೆರೆದು ನಿಂತಿದ್ದ ಕಾರಿನ ಮೇಲೆ ಬಿಸಿಲು ಬಿದ್ದು ಬಿದ್ದು, ಯಾರೂ ಒರೆಸದೆಯೇ ಒಳಗಿನ ನೀರು ತಾನಾಗಿ ಆರಿ, ಮತ್ತೊಮ್ಮೆ ಕೀಲಿಕೈ ತಿರುಗಿಸಿದಾಗ ಎಂಜಿನ್ನು ಹತ್ತಿತ್ತು. ಮೈದುನನ ಪ್ರಕಾರ ಅದು ತೂಗಿದ್ದರ ಫಲ, ನಿಧಾನವಾಗಿ ಕೆಲಸ ಮಾಡಿತು. ನಮ್ಮವರ ಪ್ರಕಾರ ತಿರುಗಿಸುತ್ತಲೇ ಇದ್ದದ್ದರ ಫಲ. ನೆರೆಯವರು ಚೋಕು ಬಹಳ ಎಳೆದಿದ್ದೀರಿ ಎಂದಿದ್ದರು, ಅವರಿಗೆ ಅವರ ಫಲ. ಮರುವರ್ಷ ಮೈದುನ ಬಾನೆಟ್ಟು ಎತ್ತದೆ ಬರೀ ಹೂವು ಏರಿಸಿದ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಅದಕ್ಕೆ ಎಂದ.

ಮಾವನವರು ಕಾರಿನಿಂದ ಇಳಿದು ಕೋಣೆಯ ಎದುರು ನಿಂತರು. ಒಳಗೆ ಕಾಲಿಡಲಿಲ್ಲ.

“ಗಾಡಿ ಚಾಲೂ ಆತು ನೋಡವ್ವ. ದೇವರ ಒಪ್ಪಿಗಿ ಆತು,” ಎಂದರು.

ನಾದಿನಿ ಕಸಬರಿಗೆಯನ್ನು ಮೂಲೆಗಿಟ್ಟು ಬಾಗಿಲಿಗೆ ಬಂದಳು.

“ಕೀಲಿ ತಗದಾತ್ರಿ ಅಪ್ಪಾ. ಒಳಗ ಬರ್ರಿ,” ಎಂದಳು.

ಅವರು ಬಾಗಿಲಿನ ದಿಕ್ಕು ನೋಡಿದರು. ಆಕಾಶ ನೋಡುತ್ತಾರೇನೋ ಎಂದು ನಾನು ಕಾಯುತ್ತಿದ್ದೆ, ನೋಡಲಿಲ್ಲ. ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಬಂದು, ಗೋಡೆಗೆ ಗೇಣು ಹಾಕಿ ಅಳೆದು, ಯಂತ್ರವನ್ನು ಕಿಟಕಿಯ ಈ ಬದಿಗೆ ಇಡು, ಬಲಗಡೆಯಿಂದ ಬೆಳಕು ಬಂದರೆ ಕೈಯ ನೆರಳು ಬಟ್ಟೆಯ ಮೇಲೆ ಬೀಳುತ್ತದೆ ಎಂದರು. ಅದು ಸರಿಯಾದ ಮಾತಾಗಿತ್ತು. ಅಂದು ಅವರ ಬಾಯಿಂದ ಬಂದ ಅಂಥ ಮಾತು ಅದೊಂದೇ.

ಸಂಜೆ ವಾಸ್ಕೋದಲ್ಲಿ ಬನ್ನಿ ಕೊಡಲು ಬಂದವರಿಗೆಲ್ಲ ಅವರು, ಪಣಜಿಯಲ್ಲಿ ಒಂದು ಅಂಗಡಿ ಹಾಕಿದೆವು, ಗಾಡಿ ತೆಗೆದುಕೊಂಡು ಹೋಗಿ ಬಾಗಿಲು ತೆರೆದು ಬಂದೆವು ಎಂದು ಹೇಳಿದರು. ಮಗಳು ಹವಾ ಬದಲಾವಣೆಗೆ ಬಂದಿದ್ದಾಳೆ ಎಂಬ ಮಾತು ಮಾತ್ರ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ನಾದಿನಿ ಒಳಗಿನ ಕೋಣೆಯಲ್ಲಿ ಹಲಗೆಯಿಂದ ಇಳಿಸಿದ ಯಂತ್ರದ ಕುಂಕುಮವನ್ನು ಒಣ ಬಟ್ಟೆಯಿಂದ ಒರೆಸಿ, ಸಂದುಗಳಿಗೆ ಎಣ್ಣೆ ಬಿಡುತ್ತಿದ್ದಳು. ನಾಳೆ ಯಾವ ಬಸ್ಸು ಎಂದು ನನ್ನನ್ನು ಕೇಳಿದಳು.